ನಿದ್ರೆಯ ಹೊಸ್ತಿಲಲ್ಲಿ ಬೆಚ್ಚಿಬೀಳುವ ಶರೀರ

ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ಚರಕ ಸಂಹಿತೆಯು ಶರೀರದ ಉಪಸ್ತಂಭಗಳೆಂದು ಕರೆದಿದೆ. ಇವುಗಳಲ್ಲಿ ಆಹಾರದ ವಿಷಯವಾಗಿ ಈ ಪುಟಗಳಲ್ಲಿ ನಾವು ಅನೇಕ ಬಾರಿ ಬರೆದಿದ್ದೇವೆ. ಸದ್ಭಕ್ತರು ಕೇಳುವ ಪ್ರಶ್ನೆಗಳೂ ಬಹುಪಾಲು ಅದನ್ನೇ ಕುರಿತವು. ನಿದ್ರೆಯನ್ನು ಕುರಿತು ಕೇಳುವವರು ವಿರಳ. ನಿದ್ರೆ ಬಾರದಿದ್ದರೆ ವಯಸ್ಸಾಯಿತೆಂದೋ, ಚಿಂತೆ ಹೆಚ್ಚಾಯಿತೆಂದೋ ತಾವೇ ತೀರ್ಮಾನಿಸಿ ಸುಮ್ಮನಾಗುತ್ತಾರೆ. ಕೇಳಬೇಕೆನ್ನಿಸುವುದು ಭಯ ಹುಟ್ಟಿದಾಗ ಮಾತ್ರ.

ಈ ಸಲದ ಜಾತ್ರೆ ಮುಗಿದ ಎರಡನೆಯ ವಾರದಲ್ಲಿ ಸುಮಾರು 54 ವರ್ಷ ವಯಸ್ಸಿನ ರೈತರೊಬ್ಬರು ಪತ್ನಿಯೊಡನೆ ನಮ್ಮಲ್ಲಿಗೆ ಬಂದಿದ್ದರು. ಪ್ರತಿ ವರ್ಷ ದಾಸೋಹದ ಒಲೆಯ ಮುಂದೆ ನಿಂತು ಸೇವೆ ಸಲ್ಲಿಸುವವರು. ಗಟ್ಟಿ ಶರೀರ, ಕಾಯಿಲೆಯೆಂದು ಹಾಸಿಗೆ ಹಿಡಿದವರಲ್ಲ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆಯುತ್ತೇವೆ: "ಡಾಕ್ಟ್ರ, ಇನ್ನೇನು ಕಣ್ಣು ಹತ್ತಬೇಕು ಅನ್ನೂದ್ರಾಗ ಯಾರೋ ಹಿಡದು ಝಾಡಿಸಿದಂಗ ಆಕ್ಕೈತ್ರಿ. ಎದಿ ಡಬಡಬ ಬಡಕೋತೈತಿ. ಎದ್ದು ಕುಂಡರತೀನಿ. ಮತ್ತ ಮಲಗಿದ್ರ ಮತ್ತ ಅದ. ಈಗ ಹಾಸಿಗಿ ನೋಡಿದ್ರ ಅಂಜಿಕಿ ಬರಾಕ ಹತ್ತೈತ್ರಿ." ಮೂರು ತಿಂಗಳಿಂದ ಹೀಗೆ ನಡೆದಿತ್ತು. ಹೃದಯದ ದೋಷವಿರಬಹುದೆಂದು ಎರಡು ಬಾರಿ ಇ.ಸಿ.ಜಿ. ತೆಗೆಸಿದ್ದರು, ಎರಡರಲ್ಲಿಯೂ ದೋಷ ಕಂಡಿರಲಿಲ್ಲ. ಬಳಿಕ ನೆರೆಹೊರೆಯವರು 'ಗಾಳಿ ಸೋಂಕಿದೆ' ಎಂದದ್ದರಿಂದ ತೋಳಿಗೆ ತಾಯತವೂ ಬಂದಿತ್ತು. ಪತ್ನಿ ರಾತ್ರಿ ದೀಪ ಹಚ್ಚಿಟ್ಟುಕೊಂಡು ಪತಿಯ ಉಸಿರಾಟವನ್ನು ನೋಡುತ್ತ ಕುಳಿತಿರುತ್ತಿದ್ದರು. ಒಬ್ಬರ ತೊಂದರೆಯಿಂದ ಇಬ್ಬರ ನಿದ್ರೆ ಹೋಗಿತ್ತು.

ಈ ಅನುಭವ ನಮ್ಮ ಓದುಗರಲ್ಲಿ ಹಲವರಿಗೆ ಹೊಸದಲ್ಲ. ನೂರು ಮಂದಿಯಲ್ಲಿ 60ರಿಂದ 70 ಮಂದಿಗೆ ಬಾಳಿನಲ್ಲಿ ಯಾವಾಗಲಾದರೂ ಇದು ಆಗಿಯೇ ಆಗುತ್ತದೆಂದು ನಿದ್ರಾಶಾಸ್ತ್ರಜ್ಞರು ಹೇಳುತ್ತಾರೆ. ಮೆಟ್ಟಿಲು ತಪ್ಪಿದಂತೆ, ಬಾವಿಯೊಳಗೆ ಬಿದ್ದಂತೆ ಭಾಸವಾಗಿ ಕಾಲು ಅಥವಾ ಇಡೀ ಶರೀರ ಒಮ್ಮೆ ಜಿಗಿಯುತ್ತದೆ. ಕೆಲವರಿಗೆ ಕಣ್ಣೆದುರು ಮಿಂಚು ಹೊಳೆದಂತೆ, ತಲೆಯೊಳಗೆ ಬಾಗಿಲು ಬಡಿದ ಸದ್ದಾದಂತೆ ಆಗುವುದೂ ಉಂಟು. ಅಮೆರಿಕದ ನರರೋಗ ವೈದ್ಯ ಸೈಲಸ್ ವಿಯರ್ ಮಿಚೆಲ್ 1890ರಷ್ಟು ಹಿಂದೆಯೇ ಇದನ್ನು ರೋಗಿಗಳಲ್ಲಿ ಕಂಡು ಬರೆದಿಟ್ಟಿದ್ದಾರೆ. ಇಂದಿನ ವೈದ್ಯಶಾಸ್ತ್ರ ಇದಕ್ಕೆ 'ಹಿಪ್ನಿಕ್ ಜರ್ಕ್' ಎಂಬ ಹೆಸರನ್ನಿಟ್ಟಿದೆ. ಹೆಚ್ಚಿನವರಿಗೆ ತಿಂಗಳಿಗೊಮ್ಮೆಯೋ ವರ್ಷಕ್ಕೆರಡು ಸಲವೋ ಬಂದು ಹೋಗುತ್ತದೆ, ಮಗ್ಗುಲು ಬದಲಿಸಿ ಮಲಗಿಬಿಡುತ್ತಾರೆ. ಕೆಲವರಿಗೆ ಮಾತ್ರ ಅದು ಪ್ರತಿ ರಾತ್ರಿ, ಒಂದೇ ರಾತ್ರಿಯಲ್ಲಿ ಹತ್ತಾರು ಬಾರಿ ಬಂದು ನಿದ್ರೆಯ ಬಾಗಿಲನ್ನೇ ಮುಚ್ಚುತ್ತದೆ. ಈ ಲೇಖನ ಅಂಥವರಿಗಾಗಿ.

ಆಗುವುದೇನೆಂಬುದನ್ನು ಮೊದಲು ತಿಳಿಯೋಣ. ಎಚ್ಚರವಿರುವಾಗ ನಮ್ಮ ಸ್ನಾಯುಗಳಲ್ಲಿ ಒಂದು ಬಿಗುವು ಸದಾ ಇರುತ್ತದೆ. ನಿದ್ರೆ ಸಮೀಪಿಸುತ್ತಿದ್ದಂತೆ ಆ ಬಿಗುವು ಸಡಿಲಗೊಳ್ಳುತ್ತದೆ, ಉಸಿರು ನಿಧಾನವಾಗುತ್ತದೆ, ಹೃದಯದ ಬಡಿತ ಇಳಿಯುತ್ತದೆ. ಎಚ್ಚರವನ್ನು ಕಾಯುವ ಕೇಂದ್ರ ಮಿದುಳಿನ ಕಾಂಡಭಾಗದಲ್ಲಿದೆ. ಸಂಜೆ ದೇವಸ್ಥಾನದ ದೀಪಗಳನ್ನು ಒಂದೊಂದಾಗಿ ಆರಿಸುವಂತೆ ಆ ಕೇಂದ್ರವು ಮೆಲ್ಲಮೆಲ್ಲನೆ ಹಿಂದೆ ಸರಿಯಬೇಕು. ಎಚ್ಚರ ಇನ್ನೂ ಪೂರ್ಣ ಹಿಂದೆ ಸರಿಯದೆ, ನಿದ್ರೆ ಇನ್ನೂ ಪೂರ್ಣ ಆವರಿಸದೆ ಎರಡೂ ಹೊಸ್ತಿಲಲ್ಲಿ ಎದುರುಬದುರಾದಾಗ ಅಲ್ಲಿಂದ ಒಂದು ಆಜ್ಞೆ ಬೆನ್ನುಹುರಿಯ ಮೂಲಕ ಸ್ನಾಯುಗಳಿಗೆ ಧುಮುಕುತ್ತದೆ. ಸ್ನಾಯುಗಳು ಒಮ್ಮೆಲೆ ಸಂಕುಚಿಸುತ್ತವೆ. ಎದೆಯ ಬಡಿತ ಹೆಚ್ಚುವುದು, ಉಸಿರು ಭರಭರನೆ ಬರುವುದು, ಬೆವರುವುದು ಇವೆಲ್ಲ ಬೆಚ್ಚಿದ್ದರ ಪರಿಣಾಮವೇ ಹೊರತು ಕಾರಣವಲ್ಲ. ಎದೆ ನಿಂತುಹೋಗುತ್ತಿತ್ತು, ಶರೀರ ಎಬ್ಬಿಸಿ ಉಳಿಸಿತು ಎಂದು ಆ ರೈತರು ನಂಬಿದ್ದರು. ಹಾಗಲ್ಲ. ಈ ಬೆಚ್ಚುವಿಕೆಯಿಂದ ಹೃದಯಕ್ಕಾಗಲಿ ಮಿದುಳಿಗಾಗಲಿ ಹಾನಿಯಿಲ್ಲ.

ಆಯುರ್ವೇದದ ದೃಷ್ಟಿಯಿಂದ ಅಂಗಾಂಗಗಳ ಚಲನೆಯೆಲ್ಲ ವ್ಯಾನವಾತದ ಅಧೀನ. ವಾತವು ಪ್ರಕೋಪಗೊಂಡಾಗ ಶರೀರ ಅದುರುವುದನ್ನು ನಮ್ಮ ಗ್ರಂಥಗಳು ಗಾತ್ರಸ್ಫುರಣವೆಂದು ಹೇಳಿವೆ. ರಾತ್ರಿ ಜಾಗರಣೆ, ಅತಿಯಾದ ಶ್ರಮ, ಚಿಂತೆ, ಹೊತ್ತು ತಪ್ಪಿದ ಊಟ, ಒಣ ಆಹಾರ ಇವು ವಾತವನ್ನು ಕೆರಳಿಸುತ್ತವೆ. ಬರುವ ನಿದ್ರೆಯನ್ನು ಬಲವಂತವಾಗಿ ತಡೆಯುವುದನ್ನು ಚರಕರು ತಡೆಯಬಾರದ ವೇಗಗಳ ಸಾಲಿನಲ್ಲಿ ಸೇರಿಸಿದ್ದಾರೆ. ಇಂದಿನ ವೈದ್ಯರು ಹಿಪ್ನಿಕ್ ಜರ್ಕ್ ಹೆಚ್ಚಲು ಕಾರಣವೆಂದು ಹೇಳುವುದೂ ಹೆಚ್ಚುಕಡಿಮೆ ಇವನ್ನೇ: ನಿದ್ರೆಗೇಡು, ಮಾನಸಿಕ ಒತ್ತಡ, ರಾತ್ರಿಯ ಹೊತ್ತಿನ ಕಠಿಣ ವ್ಯಾಯಾಮ, ಜೊತೆಗೆ ಕಾಫಿ, ಚಹಾ, ತಂಬಾಕು. ಎರಡು ಶಾಸ್ತ್ರಗಳ ಭಾಷೆ ಬೇರೆಯಾದರೂ ಬೆರಳು ತೋರಿಸುವ ದಿಕ್ಕು ಒಂದೇ.

ಜಾತ್ರೆಯ ನಂತರ ಇಂಥ ರೋಗಿಗಳು ಹೆಚ್ಚು ಬರುತ್ತಾರೆಂಬುದನ್ನು ನಾವು ಹಲವು ವರ್ಷಗಳಿಂದ ಗಮನಿಸಿದ್ದೇವೆ. ವಾರವಿಡೀ ರಾತ್ರಿ ಒಂದು ಗಂಟೆಯವರೆಗೆ ಪಾತ್ರೆ ತೊಳೆದು, ನಸುಕಿನ ನಾಲ್ಕಕ್ಕೆ ಮತ್ತೆ ಒಲೆ ಹೊತ್ತಿಸಿ, ನಡುನಡುವೆ ಎಚ್ಚರಕ್ಕಾಗಿ ಚಹಾ ಕುಡಿದ ಶರೀರ ಎಂಟನೆಯ ದಿನ ಹಾಸಿಗೆಯ ಮೇಲೆ ಬಿದ್ದೊಡನೆ ಶಾಂತವಾಗಬೇಕೆಂದರೆ ಆಗದು. ಸೇವೆ ಬೇಡವೆಂದು ನಾವು ಹೇಳುತ್ತಿಲ್ಲ. ಪಾಳಿ ಹಂಚಿಕೊಳ್ಳಿ ಎನ್ನುತ್ತೇವೆ. ನಮ್ಮಲ್ಲಿ ಸೇವೆಯ ಹುರುಪಿನಲ್ಲಿ ಪಾಳಿ ಬಿಟ್ಟುಕೊಡದವರೇ ಹೆಚ್ಚು.

ಆದರೆ ಆ ರೈತರಿಗೆ ಜಾತ್ರೆ ಒಂದೇ ಕಾರಣವಾಗಿರಲಿಲ್ಲ, ಏಕೆಂದರೆ ತೊಂದರೆ ಅದಕ್ಕೂ ಮೊದಲೇ ಶುರುವಾಗಿತ್ತು. ದಿನಚರಿಯನ್ನು ವಿಚಾರಿಸಿದಾಗ ಬಯಲಾದದ್ದು ಇಷ್ಟು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ವಿದ್ಯುತ್ತು ರಾತ್ರಿ ಪಾಳಿಯಲ್ಲಿ ಬರುತ್ತಿತ್ತು. ಎರಡು ಗಂಟೆಗೆ ಎದ್ದು, ಬ್ಯಾಟರಿ ಹಿಡಿದು, ಹಾವು ಹುಳುಗಳ ಅಂಜಿಕೆಯಲ್ಲಿ ಹೊಲಕ್ಕೆ ಹೋಗಿ ನೀರು ತಿರುಗಿಸಿ ಬರುವುದು. ವಿದ್ಯುತ್ತು ಬಂತೋ ಇಲ್ಲವೋ ಎಂದು ಮಲಗಿದಾಗಲೂ ಒಂದು ಕಿವಿ ಅತ್ತಲೇ. ದಿನಕ್ಕೆ ಒಂಬತ್ತು ಕಪ್ ಚಹಾ, ಕೊನೆಯದು ರಾತ್ರಿ ಊಟದ ಮೇಲೆ. ಎಲೆ ಅಡಿಕೆಯ ಜೊತೆ ತಂಬಾಕು, ಅದೂ ಮಲಗುವ ತನಕ. ಹೀಗಿರುವಾಗ ಗಾಳಿ ಸೋಂಕಬೇಕಾದ ಅಗತ್ಯವೇ ಇರಲಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕಾರಣವೊಂದು ಆ ಮೂರು ತಿಂಗಳುಗಳಲ್ಲಿ ಬೆಳೆದು ನಿಂತಿತ್ತು. ಅದು ಕಾಯುವಿಕೆ. ಮನಸ್ಸು ದಣಿದು, ಇಂದ್ರಿಯಗಳು ತಮ್ಮ ವಿಷಯಗಳಿಂದ ಹಿಂದೆ ಸರಿದಾಗ ಮನುಷ್ಯನು ನಿದ್ರಿಸುತ್ತಾನೆಂಬುದು ಚರಕರ ಅಭಿಪ್ರಾಯ. ಹಾಸಿಗೆಯಲ್ಲಿ ಮಲಗಿ 'ಈಗ ಬರುತ್ತದೆ, ಈಗ ಬೆಚ್ಚುತ್ತೇನೆ' ಎಂದು ತನ್ನ ಶರೀರವನ್ನೇ ಕಾವಲು ಕಾಯುವವನ ಮನಸ್ಸು ಹಿಂದೆ ಸರಿಯುವುದು ಹೇಗೆ? ಹೊಸ್ತಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿ ನಿದ್ರೆಯನ್ನು ಒಳಗೆ ಬಾ ಎಂದು ಕರೆದಂತಾಯಿತು. ಎಚ್ಚರದ ಕೇಂದ್ರ ಪೂರ್ಣ ಶಕ್ತಿಯಲ್ಲಿರುತ್ತದೆ, ದಣಿದ ಶರೀರ ಮಾತ್ರ ನಿದ್ರೆಗೆ ಜಾರುತ್ತದೆ, ಎರಡರ ಘರ್ಷಣೆ ಮೊದಲಿಗಿಂತ ಹೆಚ್ಚಾಗುತ್ತದೆ, ಬೆಚ್ಚುವಿಕೆಯೂ ಹೆಚ್ಚಾಗುತ್ತದೆ. ಮರುದಿನ ನಿದ್ರೆಗೇಡು, ಅದರಿಂದ ಮತ್ತಷ್ಟು ಬೆಚ್ಚುವಿಕೆ. ಮೊದಲು ಚಹಾ ಮತ್ತು ಪಂಪ್‌ಸೆಟ್ಟಿನಿಂದ ಹುಟ್ಟಿದ ತೊಂದರೆ ಈಗ ತನ್ನ ಭಯವನ್ನೇ ಉಂಡು ಬದುಕುತ್ತಿತ್ತು. ಪತ್ನಿಯ ಕಾವಲು ಪ್ರೀತಿಯಿಂದಲೇ ಆದದ್ದು. ಆದರೆ ಕಣ್ತೆರೆದಾಗಲೆಲ್ಲ ಆತಂಕದ ಮುಖವೊಂದು ಕಾಣುತ್ತಿದ್ದರೆ ಅಪಾಯ ಇದೆಯೆಂಬ ನಂಬಿಕೆ ಗಟ್ಟಿಯಾಗುತ್ತದೆ. ದೀಪ ಆರಿಸಿ ನೀವೂ ಮಲಗಿರೆಂದು ಆ ತಾಯಿಗೆ ನಾವು ಹೇಳಿದ್ದೇ ಆ ದಿನದ ಮೊದಲ ಚಿಕಿತ್ಸೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಮಲಗುವ ಹೊತ್ತಿನ ಎಲ್ಲ ಅದುರುವಿಕೆಯೂ ಇದೇ ಅಲ್ಲ. ಈ ವಿಷಯದಲ್ಲಿ ನಾವೇ ತಪ್ಪಿದ್ದೇವೆ.

ಸುಮಾರು 20 ವರ್ಷಗಳ ಹಿಂದೆ ನಲವತ್ತರ ಆಸುಪಾಸಿನ ಗೃಹಿಣಿಯೊಬ್ಬರು ರಾತ್ರಿ ಕಾಲುಗಳ ತೊಂದರೆಯೆಂದು ಬಂದರು. ಮಲಗಿದೊಡನೆ ಮೀನಖಂಡದೊಳಗೆ ಇರುವೆ ಹರಿದಂತೆ, ಎಳೆದಂತೆ; ಕಾಲಾಡಿಸದೆ ಇರಲಾಗದು; ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದರೆ ಹಿತ; ಮತ್ತೆ ಮಲಗಿದರೆ ಮತ್ತೆ ಅದೇ. ನಿದ್ರೆ ಹತ್ತಿದ ಮೇಲೂ ಕಾಲು ಆಗಾಗ ಝಾಡಿಸುತ್ತವೆಂದು ಪತಿ ಹೇಳುತ್ತಿದ್ದರಂತೆ. ನಾವು ವಾತವೆಂದು ನಿರ್ಣಯಿಸಿ ಐದು ತಿಂಗಳು ಅಭ್ಯಂಗ, ಅಶ್ವಗಂಧ ಕೊಟ್ಟೆವು. ಆ ತಾಯಿ ದೂರಲಿಲ್ಲ, ಸ್ವಲ್ಪ ಕಡಿಮೆಯೆಂದು ನಮ್ಮ ಮೇಲಿನ ಗೌರವಕ್ಕೆ ಹೇಳುತ್ತಿದ್ದರು. ಕೊನೆಗೆ ಬೇರೆ ಕಾರಣಕ್ಕೆ ರಕ್ತ ಪರೀಕ್ಷೆಯಾದಾಗ ಶರೀರದಲ್ಲಿ ಕಬ್ಬಿಣದ ಸಂಗ್ರಹವೇ ಬರಿದಾಗಿತ್ತು. ತಿಂಗಳ ಸ್ರಾವ ಅತಿಯಾಗಿದ್ದುದನ್ನು ಅವರು ಸಂಕೋಚದಿಂದ ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಸ್ರಾವಕ್ಕೂ ಕಬ್ಬಿಣದ ಕೊರತೆಗೂ ಚಿಕಿತ್ಸೆಯಾದ ಮೇಲೆ ಕೆಲವೇ ತಿಂಗಳಲ್ಲಿ ಕಾಲುಗಳು ಶಾಂತವಾದವು. ಧಾತುಕ್ಷಯದಿಂದ ವಾತ ಪ್ರಕೋಪವಾಗುತ್ತದೆಂದು ವಿದ್ಯಾರ್ಥಿಯಾಗಿದ್ದಾಗ ಕಂಠಪಾಠ ಮಾಡಿದವರು ನಾವು. ವಾತ ಕೆರಳಿದೆ ಎಂಬಷ್ಟಕ್ಕೆ ನಿಂತೆವು. ಏಕೆ ಕೆರಳಿತೆಂದು ಕೇಳಲಿಲ್ಲ. ಐದು ತಿಂಗಳ ನಿದ್ರೆ ಆ ತಾಯಿಗೆ ಅದರಿಂದ ನಷ್ಟವಾಯಿತು.

ಆ ಕಾಯಿಲೆಗೆ 'ರೆಸ್ಟ್‌ಲೆಸ್ ಲೆಗ್ಸ್' ಎನ್ನುತ್ತಾರೆ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್, ಬಳಿಕ 1945ರಲ್ಲಿ ಸ್ವೀಡನ್ನಿನ ಎಕ್‌ಬೊಮ್ ವಿವರಿಸಿದ್ದರಿಂದ ಇಬ್ಬರ ಹೆಸರೂ ಅದಕ್ಕುಂಟು. ಬೆಚ್ಚುವಿಕೆಗೂ ಇದಕ್ಕೂ ಇರುವ ಭೇದ ಸರಳ. ಬೆಚ್ಚುವಿಕೆ ಹೇಳದೆ ಕೇಳದೆ ಒಮ್ಮೆ ಬಂದು ಹೋಗುತ್ತದೆ. ಇದರಲ್ಲಿ ಮೊದಲು ತಳಮಳ, ಆಮೇಲೆ ತಾವಾಗಿಯೇ ಕಾಲಾಡಿಸುವ ಒತ್ತಾಯ, ನಡೆದರೆ ಉಪಶಮನ. ಗರ್ಭಿಣಿಯರಲ್ಲಿ, ಮೂತ್ರಪಿಂಡ ಸೋತವರಲ್ಲಿ, ರಕ್ತಹೀನತೆಯುಳ್ಳವರಲ್ಲಿ ಹೆಚ್ಚು. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ಸಂಗ್ರಹ ಕಡಿಮೆಯಿರಬಹುದು. ಆದ್ದರಿಂದ 'ಫೆರಿಟಿನ್' ಎಂಬ ಪರೀಕ್ಷೆಯನ್ನೂ ಮಾಡಿಸಬೇಕು. ನಮ್ಮ ಸಮುದಾಯ ಶಾಕಾಹಾರಿ. ಜೋಳದ ರೊಟ್ಟಿ, ಬೇಳೆ, ಸೊಪ್ಪುಗಳಲ್ಲಿ ಕಬ್ಬಿಣವಿದೆ, ಆದರೆ ಊಟದ ಬೆನ್ನಿಗೇ ಚಹಾ ಕುಡಿದರೆ ಅದು ಶರೀರಕ್ಕೆ ಸರಿಯಾಗಿ ಹತ್ತುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಲಿ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡುವ ಅಥವಾ ನೆಲ್ಲಿಕಾಯಿ ಸೇವಿಸುವ ಅಭ್ಯಾಸ ಈ ದೃಷ್ಟಿಯಿಂದಲೂ ಒಳ್ಳೆಯದು.

ಇನ್ನೊಂದು ಪ್ರಸಂಗ ಪ್ರಸಾದ ನಿಲಯದ ಬಾಲಕನದು. ಹದಿನೈದು ವರ್ಷ; ಹತ್ತನೆಯ ತರಗತಿಯ ಪರೀಕ್ಷೆಗೆಂದು ರಾತ್ರಿ ಬಹಳ ಹೊತ್ತು ಓದುತ್ತಿದ್ದ. ಬೆಳಗಿನ ಪ್ರಾರ್ಥನೆಯ ವೇಳೆಗೆ ಕೈಗಳು ಝಾಡಿಸಿ ಹಿಡಿದ ಲೋಟ, ಪುಸ್ತಕ ಬೀಳುತ್ತಿದ್ದವು. ನಿದ್ರೆ ಸಾಲದೆ ಹೀಗೆಂದು ನಿಲಯದವರು ತಿಳಿದಿದ್ದರು. ಹುಡುಗ ಬೇಜವಾಬ್ದಾರನೆಂದು ಬೈದವರೂ ಇದ್ದರು. ಮಲಗುವಾಗಲ್ಲ, ಎದ್ದ ಮೇಲೆ ಆಗುತ್ತದೆ ಎಂಬ ಒಂದೇ ಮಾತಿನ ಮೇಲೆ ನಾವು ಅವನನ್ನು ಅದೇ ವಾರ ನರರೋಗ ತಜ್ಞರ ಬಳಿಗೆ ಕಳುಹಿಸಿದೆವು. ಅದು ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಅಪಸ್ಮಾರ, ಅಂದರೆ ಫಿಟ್ಸ್. ನಿದ್ರೆಗೆಟ್ಟ ರಾತ್ರಿಯ ಮರುಮುಂಜಾನೆ ಇಂಥವರು ಪೂರ್ಣ ಫಿಟ್ಸ್ ಬಂದು ಬೀಳುವ ಸಂಭವವಿರುತ್ತದೆ. ಬಾವಿಯ ಹತ್ತಿರವೋ ರಸ್ತೆಯಲ್ಲೋ ಬಿದ್ದರೆ ಪ್ರಾಣಕ್ಕೇ ಅಪಾಯ. ಸರಿಯಾದ ಮಾತ್ರೆಗಳಿಂದ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ, ಆದರೆ ಅವನ್ನು ವರ್ಷಗಟ್ಟಲೆ ತಪ್ಪದೆ ಸೇವಿಸಬೇಕು. ಬ್ರಾಹ್ಮಿ ಕೊಡಿ ಸಾಕು ಎಂದು ಪೋಷಕರು ನಮ್ಮನ್ನು ಕೇಳಿಕೊಂಡರು. ನಾವು ಒಪ್ಪಲಿಲ್ಲ.

ಮಲಗಿ ಮೈ ಸಡಿಲಿಸಿದಾಗ ಹೊಟ್ಟೆ, ಎದೆಯ ಭಾಗದಿಂದ ಶುರುವಾಗಿ ಇಡೀ ಮುಂಡ ಮುಂದಕ್ಕೆ ಬಾಗುವಂತೆ ಮತ್ತೆ ಮತ್ತೆ ಬರುವ ಎಳೆತ ಅಪರೂಪದ್ದು; ಅದಕ್ಕೂ ತಜ್ಞರ ಪರೀಕ್ಷೆ ಬೇಕು. ಎಚ್ಚರದಲ್ಲಿಯೂ ಅದುರುವುದು, ನಾಲಿಗೆ ಕಚ್ಚಿಕೊಳ್ಳುವುದು, ಹಾಸಿಗೆಯಲ್ಲಿ ಮೂತ್ರ ಹೋಗುವುದು, ಪ್ರಜ್ಞೆ ತಪ್ಪುವುದು, ಒಂದೇ ಬದಿಯ ಕೈಕಾಲು ಮಾತ್ರ ಅದುರುವುದು, ಕೈಕಾಲಿನ ಬಲ ಕುಂದುವುದು, ಇವುಗಳಲ್ಲಿ ಯಾವುದೊಂದಿದ್ದರೂ ಈ ಲೇಖನವನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು. ಜೋರಾದ ಗೊರಕೆಯ ನಡುವೆ ಉಸಿರು ನಿಂತು, ಉಸಿರುಕಟ್ಟಿ ಏಳುವುದೂ ಬೇರೆಯ ಕಾಯಿಲೆ. ಹೊಸ ಮಾತ್ರೆ ಶುರುವಾದ ಮೇಲೆ ಬೆಚ್ಚುವಿಕೆ ಬಂದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ನರನೋವಿನ ಗಾಬಾಪೆಂಟಿನ್, ಪ್ರೆಗಾಬಾಲಿನ್, ನೋವಿನ ಟ್ರಾಮಡಾಲ್ ಇಂಥ ತೊಂದರೆಯನ್ನು ತರಬಲ್ಲವು, ವಿಶೇಷವಾಗಿ ಮೂತ್ರಪಿಂಡ ದುರ್ಬಲವಿರುವವರಲ್ಲಿ. ತಾವಾಗಿಯೇ ನಿಲ್ಲಿಸಬಾರದು, ಕೊಟ್ಟವರನ್ನು ಕೇಳಬೇಕು.

ಶಿಶುಗಳ ವಿಷಯ ಅಜ್ಜಿಯರು ಕೇಳುತ್ತಿರುತ್ತಾರೆ. ಮೊದಲ ಕೆಲವು ತಿಂಗಳಲ್ಲಿ ನಿದ್ರೆಯಲ್ಲಿ ಮಾತ್ರ ಕೈಕಾಲು ಅದುರಿ, ಎಬ್ಬಿಸಿದೊಡನೆ ನಿಲ್ಲುವುದಾದರೆ ಅಂಜಬೇಕಿಲ್ಲ. ಎದ್ದ ಮೇಲೆ ಮಗು ಸಾಲುಸಾಲಾಗಿ ತಲೆಬಾಗಿ, ಕೈ ಚಾಚಿ ಮುದುಡುತ್ತಿದ್ದರೆ ಒಂದು ದಿನವೂ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಸಾಧ್ಯವಾದರೆ ಮೊಬೈಲಿನಲ್ಲಿ ಅದನ್ನು ಚಿತ್ರಿಸಿಕೊಂಡು ಹೋಗಿ. ವೈದ್ಯರ ಎದುರಿಗೆ ಅದು ಆಗುವುದು ವಿರಳ.

ಈಗ ಸಾಮಾನ್ಯ ಬೆಚ್ಚುವಿಕೆಯವರು ಮಾಡಬೇಕಾದುದು. ಮೊದಲು ಚಹಾ, ಕಾಫಿ. ಕುಡಿದ ಕೆಫೀನಿನ ಅರ್ಧಭಾಗ ಶರೀರದಿಂದ ಹೋಗಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದುದರ ಅರ್ಧ ರಾತ್ರಿ ಹತ್ತಕ್ಕೂ ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ ಮಧ್ಯಾಹ್ನ ಎರಡರ ನಂತರ ಬೇಡ. ಒಂಬತ್ತು ಕಪ್ ಕುಡಿಯುವವರು ಒಂದೇ ದಿನ ಬಿಟ್ಟರೆ ತಲೆನೋವು ಬಂದು ಮತ್ತೆ ಶುರುಮಾಡುತ್ತಾರೆ. ಎರಡು ದಿನಕ್ಕೆ ಒಂದು ಕಪ್ಪಿನಂತೆ ಇಳಿಸಲಿ. ಸಂಜೆಗೆ ಜೀರಿಗೆ, ಕೊತ್ತಂಬರಿ ಬೀಜದ ಕಷಾಯಕ್ಕೆ ಬೆಲ್ಲ, ಹಾಲು ಹಾಕಿ ಕುಡಿದರೆ ಬಿಸಿಬಿಸಿ ಕುಡಿಯುವ ಚಟಕ್ಕೆ ಸಮಾಧಾನ. ತಂಬಾಕು ಎಂದೆಂದಿಗೂ ಬೇಡವೆಂದೇ ನಮ್ಮ ಮಾತು. ತಂಬಾಕು ನಿದ್ರೆ ತರುತ್ತದೆಂಬುದು ಭ್ರಮೆ, ಅದರ ನಿಕೋಟಿನ್ ಎಚ್ಚರಗೊಳಿಸುವ ವಸ್ತು.

ರಾತ್ರಿ ಜಾಗರಣೆ ಅನಿವಾರ್ಯವಾದವರಿಗೆ ಅಷ್ಟಾಂಗ ಹೃದಯವು ಒಂದು ಉಪಾಯ ಹೇಳಿದೆ: ಎಚ್ಚರವಿದ್ದ ಅವಧಿಯ ಅರ್ಧದಷ್ಟನ್ನು ಮರುದಿನ ಬೆಳಿಗ್ಗೆ ಉಣ್ಣುವ ಮೊದಲು ಮಲಗಿ ತುಂಬಿಕೊಳ್ಳುವುದು. ಪಂಪ್‌ಸೆಟ್ಟಿನವರಿಗೆ, ರಾತ್ರಿ ಪಾಳಿಯ ಕಾರ್ಮಿಕರಿಗೆ, ಶಿವರಾತ್ರಿಯ ಜಾಗರಣೆಯವರಿಗೆ ಇಷ್ಟು ಪ್ರಯೋಜನದ ಮಾತು ಬೇರೊಂದಿಲ್ಲ. ಬೇಸಿಗೆಯಲ್ಲದ ಕಾಲದಲ್ಲಿ ಹಗಲುನಿದ್ರೆ ನಿಷಿದ್ಧವೆಂದು ಹೇಳುವ ಚರಕರೂ ರಾತ್ರಿ ಎಚ್ಚರವಿದ್ದು ದಣಿದವರಿಗೆ ವಿನಾಯಿತಿ ಕೊಟ್ಟಿದ್ದಾರೆ. ಉಂಡು ಮಧ್ಯಾಹ್ನ ಮೂರು ಗಂಟೆ ಗೊರಕೆ ಹೊಡೆಯಲು ಕೊಟ್ಟ ಅನುಮತಿಯೆಂದು ಯಾರೂ ಭಾವಿಸಬಾರದು.

ರಾತ್ರಿಯ ಊಟ ಮಲಗುವುದಕ್ಕೆ ಎರಡು ಗಂಟೆ ಮೊದಲು ಮುಗಿಯಲಿ. ನಿದ್ರೆ ತರುವ ಆಹಾರಗಳಲ್ಲಿ ಎಮ್ಮೆಯ ಹಾಲು ಶ್ರೇಷ್ಠವೆಂದು ಚರಕರು ಎಣಿಸಿದ್ದಾರೆ. ಜೀರ್ಣಶಕ್ತಿ ಚೆನ್ನಾಗಿರುವವರು ಒಂದು ಲೋಟ ಬಿಸಿ ಹಾಲು ಕುಡಿಯಬಹುದು, ಮಧುಮೇಹಿಗಳು ಸಕ್ಕರೆಯಿಲ್ಲದೆ. ಹಾಲಿಗೆ ಜಾಜಿಕಾಯಿ ತೇಯ್ದು ಹಾಕುವ ರೂಢಿ ಇದೆ; ಕಲ್ಲಿನ ಮೇಲೆ ಎರಡು ಸುತ್ತು ತೇಯ್ದಷ್ಟು ಸಾಕು. ಹೆಚ್ಚಾದರೆ ಅದು ವಿಷ, ತಲೆ ಸುತ್ತಿ ಎದೆ ಬಡಿದುಕೊಳ್ಳುತ್ತದೆ.

ಪಾದಾಭ್ಯಂಗ ನಾವು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡಿರುವ ಉಪಚಾರ. ಕುಸುಬಿ ಎಣ್ಣೆ ಅಡುಗೆಗೆ ಇರಲಿ. ಇದಕ್ಕೆ ಎಳ್ಳೆಣ್ಣೆ ಅಥವಾ ಕ್ಷೀರಬಲಾ ತೈಲ. ಉಗುರುಬೆಚ್ಚಗೆ ಮಾಡಿ ಅಂಗಾಲಿನಿಂದ ಮೊಣಕಾಲಿನವರೆಗೆ ಹತ್ತು ನಿಮಿಷ ನಿಧಾನವಾಗಿ ತಿಕ್ಕಿ, ಬಟ್ಟೆಯಿಂದ ಒರೆಸಿ ಮಲಗುವುದು. ಅವಸರದ ತಿಕ್ಕಾಟದಿಂದ ಫಲವಿಲ್ಲ. ಮಧುಮೇಹದಿಂದ ಅಂಗಾಲು ಜೋಮು ಹಿಡಿದವರು ಎಣ್ಣೆಯ ಬಿಸಿಯನ್ನು ಮನೆಯವರ ಕೈಯಿಂದ ನೋಡಿಸಬೇಕು. ವೃದ್ಧರು ಎಣ್ಣೆಯ ಕಾಲಿನಲ್ಲಿ ಬಚ್ಚಲಿಗೆ ಹೋಗಿ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದನ್ನು ಕಂಡಿದ್ದೇವೆ, ಆದ್ದರಿಂದ ಒರೆಸುವುದನ್ನು ಮರೆಯಬೇಡಿ. ಅಶ್ವಗಂಧ, ಜಟಾಮಾಂಸಿ, ತಗರ ಮೊದಲಾದವು ನಿದ್ರೆಗೆ ಸಹಾಯಕವೆಂಬುದು ನಿಜ. ಆದರೂ ಥೈರಾಯ್ಡ್, ಯಕೃತ್ತಿನ ಕಾಯಿಲೆಯವರು, ಗರ್ಭಿಣಿಯರು ಅಶ್ವಗಂಧವನ್ನು ಅಂಗಡಿಯಿಂದ ತಾವೇ ಕೊಂಡು ಸೇವಿಸಬಾರದು. ಬೇರೆಯವರಿಗೆ ಕೊಟ್ಟ ಕ್ಲೋನಾಜೆಪಾಮ್ ಮಾತ್ರೆಯನ್ನು ಕಡ ಪಡೆದು ನುಂಗುವುದೂ ನಮ್ಮ ಹಳ್ಳಿಗಳಲ್ಲಿದೆ. ಅದು ತಜ್ಞರು ಕೆಲವು ರೋಗಿಗಳಿಗೆ ಲೆಕ್ಕವಿಟ್ಟು ಕೊಡುವ ಔಷಧ, ರೂಢಿಯಾದರೆ ಬಿಡುವುದು ಕಷ್ಟ, ದಿಢೀರನೆ ಬಿಟ್ಟರೆ ಅಪಾಯ.

ಇನ್ನು ಹಾಸಿಗೆಯ ಮೇಲಿನ ನಡತೆ. ಬೆಚ್ಚಿದಾಗ ಗಡಿಯಾರ ನೋಡಬೇಡಿ, ನಾಡಿ ಹಿಡಿದು ಎಣಿಸಬೇಡಿ. 'ಬಂತು, ಹೋಯಿತು' ಎಂದು ಮಗ್ಗುಲಾಗಿ. ಇಪ್ಪತ್ತು ನಿಮಿಷವಾದರೂ ಕಣ್ಣು ಹತ್ತದಿದ್ದರೆ ಹೊರಳಾಡುತ್ತ ಬಿದ್ದಿರದೆ ಎದ್ದು ಬೇರೆಡೆ ಮಂದ ಬೆಳಕಿನಲ್ಲಿ ಕುಳಿತುಕೊಳ್ಳಿ, ಮೊಬೈಲ್ ಬೇಡ. ತೂಕಡಿಕೆ ಬಂದ ಮೇಲೆ ಮರಳಿ ಮಲಗಿ. ಬೆಳಿಗ್ಗೆ ಏಳುವ ಸಮಯ ಮಾತ್ರ ನಿತ್ಯ ಒಂದೇ ಇರಲಿ. ಮಲಗುವ ಮುನ್ನ ಉಸಿರನ್ನು ನಿಧಾನವಾಗಿ ಬಿಡುತ್ತ ಕಾಲಿನಿಂದ ಮುಖದವರೆಗೆ ಒಂದೊಂದೇ ಅಂಗವನ್ನು ಬಿಗಿಹಿಡಿದು ಸಡಿಲಿಸುವುದು ಹಲವರಿಗೆ ಹಿತವಾಗಿದೆ. ಸಂಜೆಯ ಇಷ್ಟಲಿಂಗ ಪೂಜೆಯನ್ನು ಅವಸರವಿಲ್ಲದೆ ಮಾಡಿದ ದಿನ ನಿದ್ರೆ ಚೆನ್ನಾಗಿ ಬರುತ್ತದೆಂದು ಭಕ್ತರು ಹೇಳುವುದನ್ನು ಕೇಳಿದ್ದೇವೆ. ದೃಷ್ಟಿ ಒಂದೆಡೆ ನಿಂತು ಮನಸ್ಸು ಹಗಲಿನ ಜಂಜಡದಿಂದ ಬಿಡುವು ಪಡೆಯುವುದರಿಂದ ಅದು ಸಹಜ. ಆದರೆ ಪೂಜೆಯನ್ನು ನಿದ್ರೆಯ ಮಾತ್ರೆಯಂತೆ ಬಳಸುವುದು, ಫಲ ಕಾಣದಿದ್ದರೆ ತನ್ನ ಭಕ್ತಿಯಲ್ಲಿ ಕೊರತೆಯೆಂದು ಕೊರಗುವುದು ಎರಡೂ ಸಲ್ಲದು. ಬೆಚ್ಚುವುದು ಸ್ನಾಯುಗಳ ಧರ್ಮ, ಅದಕ್ಕೂ ಭಕ್ತಿಗೂ ಸಂಬಂಧವಿಲ್ಲ.

ಆ ರೈತರು ಎರಡು ತಿಂಗಳ ನಂತರ ಮತ್ತೆ ಬಂದಿದ್ದರು. ಚಹಾ ಮೂರು ಕಪ್ಪಿಗೆ ಇಳಿದಿತ್ತು. ತಂಬಾಕು ಹಗಲಿಗೆ ಮಾತ್ರ ಉಳಿದಿತ್ತು. ಅದಕ್ಕಾಗಿ ನಮ್ಮಿಂದ ಬೈಸಿಕೊಂಡರು. ಹೊಲದ ರಾತ್ರಿ ಪಾಳಿಯನ್ನು ಮಗನೊಡನೆ ದಿನ ಬಿಟ್ಟು ದಿನ ಹಂಚಿಕೊಂಡಿದ್ದರು. ತಾಯತ ತೋಳಿನಲ್ಲಿಯೇ ಇತ್ತು, ತೆಗೆಯಿರೆಂದು ನಾವು ಹೇಳಲಿಲ್ಲ. ಬೆಚ್ಚುವುದು ನಿಂತಿತೇ ಎಂದು ಕೇಳಿದೆವು. "ನಿಂತಿಲ್ರಿ. ನೀರಿನ ಪಾಳಿ ನಂದು ಇದ್ದಾಗ ಒಂದೆರಡು ಸಲ ಬರತೈತಿ. ಬರತೈತಿ, ಹೊಕ್ಕೈತಿ" ಎಂದರು. ಪತ್ನಿ ನಡುವೆ ಬಾಯಿ ಹಾಕಿ, "ಈಗ ಇವರ ಗೊರಕಿಗೆ ನನಗ ನಿದ್ದಿ ಇಲ್ಲರಿ" ಎಂದು ನಕ್ಕರು. ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ನಾವು ವಿಚಾರಿಸಿಕೊಂಡೆವು. ಇಲ್ಲವೆಂದರು.